ಎನ್‌ಸಿಎಲ್‌ಟಿ ಆದೇಶ ನಿಮ್ಮ ವಿರುದ್ಧ ಬಂತಾ? ಮೊದಲು ದಿನ ಎಣಿಸಿ

ಕಂಪನಿ ಜಗಳದಲ್ಲಿ ಎನ್‌ಸಿಎಲ್‌ಟಿ, ಅಂದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ನಿಮ್ಮ ವಿರುದ್ಧ ಆದೇಶ ಕೊಟ್ಟರೆ ಮುಂದೆ ಹೋಗಬೇಕಾದ್ದು ಎನ್‌ಸಿಎಲ್‌ಎಟಿಗೆ, ಅಂದರೆ ಅದರ ಮೇಲ್ಮನವಿ ನ್ಯಾಯಮಂಡಳಿಗೆ. 2016ರ ಜೂನ್‌ನಿಂದ ಇದು ನಡೆಯುತ್ತಿದೆ. ಬೆಂಗಳೂರು ಪೀಠದ ಆದೇಶವಾದರೆ ಮೇಲ್ಮನವಿ ಚೆನ್ನೈ ಪೀಠಕ್ಕೆ. ಸಿವಿಲ್ ಕೋರ್ಟಿಗೆ ಹೋಗೋಣ ಅಂದರೆ ಕಂಪನಿ ಕಾಯ್ದೆಯ 430ನೇ ಸೆಕ್ಷನ್ ಬಿಡುವುದಿಲ್ಲ.

ಆದೇಶ ಯಾವ ಕಾಯ್ದೆಯಡಿ ಬಂದಿದೆ ಅಂತ ಮೊದಲು ನೋಡಿ. ಷೇರುದಾರರ ಮೇಲೆ ದಬ್ಬಾಳಿಕೆ, ಆಡಳಿತದ ಗೋಲ್‌ಮಾಲ್, ಇಂಥದ್ದೆಲ್ಲ ಕಂಪನಿ ಕಾಯ್ದೆಗೆ ಸೇರುತ್ತದೆ. ಇಲ್ಲಿ ಆದೇಶದ ಪ್ರತಿ ಸಿಕ್ಕ ದಿನದಿಂದ 45 ದಿನ, ಸರಿಯಾದ ಕಾರಣ ಇದ್ದರೆ ಇನ್ನೂ 45. ದಿವಾಳಿ ಸಂಹಿತೆಯ (ಐಬಿಸಿ, ಸಾಲ ತೀರಿಸಲಾಗದ ಕಂಪನಿಗಳ ಕಾನೂನು) ಆದೇಶವಾದರೆ ಬರೀ 30 ದಿನ, ಜಾಸ್ತಿ ಅಂದರೆ ಮತ್ತೆ 15. ಅದರಾಚೆ ತಡ ಮನ್ನಿಸುವ ಅಧಿಕಾರ ಈ ನ್ಯಾಯಮಂಡಳಿಗೇ ಇಲ್ಲ.

ಜೂನ್ 3ರಂದು ದಿವಾಳಿ ಕೇಸಿನ ಆದೇಶವನ್ನು ಎನ್‌ಸಿಎಲ್‌ಟಿಯಲ್ಲಿ ಓದಿ ಹೇಳಿದರು ಅನ್ನಿ. ಜುಲೈ 3ಕ್ಕೆ 30 ದಿನ ಮುಗಿಯಿತು. ಪುಕ್ಕಟೆ ಪ್ರತಿ ಬರಲಿ ಅಂತ ಸುಮ್ನೆ ಕೂತರೆ ಆಗಲ್ಲ, ಓದಿದ ದಿನದಿಂದಲೇ ಲೆಕ್ಕ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಆದ್ದರಿಂದ ತಕ್ಷಣ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಪ್ರತಿ ತಯಾರಾಗಲು ಹಿಡಿದ ದಿನಗಳು ಲೆಕ್ಕದಿಂದ ಕಳೆಯುತ್ತವೆ, ಆದರೆ ಅರ್ಜಿ ಹಾಕಿದವರಿಗೆ ಮಾತ್ರ.

ಮೇಲ್ಮನವಿಯಲ್ಲಿ ಹಳೇ ಕಥೆಯನ್ನೇ ಮತ್ತೆ ಬರೆಯಬೇಡಿ. ಆದೇಶದ ಯಾವ ಪ್ಯಾರಾ ತಪ್ಪು, ಯಾವ ದಾಖಲೆಯನ್ನು ನೋಡಲೇ ಇಲ್ಲ, ಅದು ಯಾವ ಪುಟದಲ್ಲಿದೆ, ಇಷ್ಟು ಬರೆಯಿರಿ. ಎನ್‌ಸಿಎಲ್‌ಎಟಿಯಲ್ಲಿ ಸಂಗತಿಯನ್ನೂ ಕಾನೂನನ್ನೂ ಎರಡನ್ನೂ ನೋಡುತ್ತಾರೆ, ಆದೇಶವನ್ನು ಎತ್ತಿಹಿಡಿಯಬಹುದು, ಬದಲಿಸಬಹುದು, ರದ್ದು ಮಾಡಬಹುದು. ಟಾಟಾ ಸನ್ಸ್ ಅಧ್ಯಕ್ಷ ಸ್ಥಾನದಿಂದ ಸೈರಸ್ ಮಿಸ್ತ್ರಿಯನ್ನು ತೆಗೆದ ಜಗಳದ ಟಾಟಾ-ಮಿಸ್ತ್ರಿ ಕೇಸಿನಲ್ಲಿ 2018ರಲ್ಲಿ ಎನ್‌ಸಿಎಲ್‌ಟಿ ಮಿಸ್ತ್ರಿ ಕಡೆಯವರ ಅರ್ಜಿ ವಜಾ ಮಾಡಿತು, 2019ರಲ್ಲಿ ಮೇಲ್ಮನವಿಯಲ್ಲಿ ಅವರು ಗೆದ್ದರು, 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಉಲ್ಟಾ ಮಾಡಿತು! ಸುಪ್ರೀಂ ಕೋರ್ಟಿಗೆ ಹೋಗಲು ಕಾನೂನಿನ ಪ್ರಶ್ನೆಯೇ ಇರಬೇಕು, ಹಾಗಾಗಿ ಸಂಗತಿಗಳ ಜಗಳ ಏನಿದ್ದರೂ ಇಲ್ಲೇ ಮುಗಿಸಿಕೊಳ್ಳಿ.

ಮೇಲ್ಮನವಿ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ. ತಡೆಯಾಜ್ಞೆ ಬೇರೆಯಾಗಿ ಕೇಳಬೇಕು, ಇದನ್ನು ಮರೆಯುವವರು ಬಹಳ. ಇನ್ನು ಕಂಪನಿ ಕಾಯ್ದೆಯಡಿ ಎರಡೂ ಕಡೆಯವರು ಒಪ್ಪಿ ಪಡೆದ ಆದೇಶಕ್ಕೆ ಮೇಲ್ಮನವಿಯೇ ಇಲ್ಲ, ಸಹಿ ಹಾಕುವ ಮುಂಚೆ ಯೋಚಿಸಿ. ವಕೀಲರೇ ಬೇಕಂತಿಲ್ಲ, ಸಿಎ ಅಥವಾ ಕಂಪನಿ ಸೆಕ್ರೆಟರಿ ಕೂಡ ನಿಮ್ಮ ಪರ ವಾದ ಮಾಡಬಹುದು.