ಸ್ಟಾಟಿಸ್ಟಿಕ್ಸು, ರಾಗಿ, ಡಯಾಬಿಟಿಸ್ಸು: ನನ್ನ ಸೈಟೇಶನ್ ಲೆಕ್ಕ ನಾನೇ ಮಾಡ್ಕೊಂಡಿದ್ದು

ನಾನು ಸ್ಟಾಟಿಸ್ಟಿಕ್ಸ್ ಪಾಠ ಮಾಡೋ ಮೇಷ್ಟ್ರು. ಪಿಎಚ್‌ಡಿ ಮುಗಿದ್ಮೇಲೆ ರಾಗಿ ತಳಿಗಳ ಟ್ರಯಲ್ ಡೇಟಾ ಸ್ವಲ್ಪ ನೋಡ್ಕೊಡಿ ಸಾರ್ ಅಂತ ಕೃಷಿಯೋರು ಬಂದ್ರು, ಆಮೇಲೆ ಡಯಾಬಿಟಿಸ್ ಸ್ಟಡಿಗೆ ಡಾಕ್ಟ್ರುಗಳು ಕರೆದ್ರು, ಯಾರಿಗೂ ಇಲ್ಲ ಅನ್ನೋಕೆ ಬರಲ್ಲ ನಂಗೆ, ಹತ್ತು ವರ್ಷ ಹಿಂಗೇ ಹೋಯ್ತು. ಹೋದ ವರ್ಷ ಪ್ರಮೋಶನ್ ಅರ್ಜೀಲಿ ಒಟ್ಟು ಸೈಟೇಶನ್ (ಅಂದ್ರೆ ಬೇರೆ ಪೇಪರ್‌ಗಳಲ್ಲಿ ನಮ್ಮ ಪೇಪರ್‌ನ ಹೆಸರಿಸಿದ್ದು) ಎಷ್ಟು, ಎಚ್-ಇಂಡೆಕ್ಸ್ (ಆ ಸೈಟೇಶನ್‌ಗಳಿಂದ ತೆಗೆಯೋ ಒಂದು ಅಂಕ) ಎಷ್ಟು ಅಂತ ಕಾಲಂ ಇತ್ತು ನೋಡಿ, ಅಲ್ಲಿ ಸಿಕ್ಕಾಕೊಂಡೆ.

ಆನ್‌ಲೈನ್ ಪ್ರೊಫೈಲ್ ತೆಗೆದ್ರೆ 31 ಪೇಪರು, ಎಚ್ 11. ಖುಷಿ ಆಯ್ತು. ಆದ್ರೆ ಲಿಸ್ಟ್ ಕೆಳಗೆ ಹೋಗ್ತಾ ನ್ಯಾನೋ ಪಾರ್ಟಿಕಲ್ ಮೇಲೆ ನಾಲ್ಕು ಪೇಪರು! ನಾನು ಪಿಯುಸಿ ಆದ್ಮೇಲೆ ಟೆಸ್ಟ್‌ಟ್ಯೂಬ್ ಮುಟ್ಟಿದೋನಲ್ಲ. ಅದೇ ಇನಿಶಿಯಲ್, ಅದೇ ಹೆಸರಿನ ಕೆಮಿಸ್ಟ್ರಿಯೋರು ಯಾರೋ ಇದಾರೆ, ಪ್ರೊಫೈಲ್ ಮಾಡೋವಾಗ ಇವೆಲ್ಲಾ ನಿಮ್ಮವೇನಾ ಅಂತ ಕೇಳಿದ್ದಕ್ಕೆ ನಾನೇ ಓದದೆ ಟಿಕ್ ಒತ್ತಿದೀನಿ. ತೆಗೆದೆ. 27 ಪೇಪರು, ಎಚ್ 9.

ಇನ್ನೊಂದು ಡೇಟಾಬೇಸಲ್ಲಿ ಇದರ ಉಲ್ಟಾ, ನಾನು ಒಬ್ನೇ ಮೂರು ಜನ ಆಗಿದ್ದೆ. ನಮ್ ಕಡೆ ಸರ್‌ನೇಮ್ ಎಲ್ಲಿ ಬರ್ಬೇಕು, ಊರು-ಅಪ್ಪ ಎರಡೂ ಇನಿಶಿಯಲ್ಲಲ್ಲಿ ಕೂತಿರ್ತಾರೆ, ಜರ್ನಲ್ ಫಾರಂ ಲಾಸ್ಟ್ ನೇಮ್ ಕೇಳಿದಾಗೆಲ್ಲ ಒಂದೊಂದು ಸಲ ಒಂದೊಂದು ತುಂಬಿದೀನಿ, ಒಂದು ಪೇಪರಲ್ಲಂತೂ ಊರ ಹೆಸರೇ ಲೇಖಕ, ಊರಿಗೆ ಊರೇ ಸೇರಿ ರಿಸರ್ಚ್ ಮಾಡಿದಂಗಿದೆ. ಮೂರನ್ನೂ ಒಂದು ಮಾಡಿ ಅಂತ ರಿಕ್ವೆಸ್ಟ್ ಹಾಕಿ ಕಾದೆ. 2012ರಿಂದ ಇರೋ ಆರ್ಕಿಡ್ (ORCID) ಐಡಿ, ರಿಸರ್ಚ್ ಮಾಡೋ ಒಬ್ಬೊಬ್ಬರಿಗೂ ಬೇರೆ ಬೇರೆ ನಂಬರು, 16 ಅಂಕಿದು, ಫ್ರೀ, ಅದನ್ನ ಮೊದಲ ಪೇಪರಿಂದಲೇ ಹಾಕ್ಕೊಂಡು ಬಂದಿದ್ರೆ ಈ ಗೋಳೇ ಇರ್ತಿರಲಿಲ್ಲ.

ಅಸಲಿ ತಲೆನೋವು ಆಮೇಲೆ ಶುರುವಾಯ್ತು. ಎಚ್ 9 ಅಂದ್ರೆ ಕನಿಷ್ಠ 9 ಸಲ ಸೈಟ್ ಆದ 9 ಪೇಪರ್ ಇದೆ ಅಂತ. ಆ ಒಂಬತ್ತನ್ನ ಎಕ್ಸೆಲ್‌ಗೆ ಹಾಕಿ ಫೀಲ್ಡ್ ಪ್ರಕಾರ ಬಣ್ಣ ಹಚ್ಚಿದೆ: ಎಂಟು ಮೆಡಿಕಲ್ ಮತ್ತೆ ಕೃಷಿದು, ನನ್ನ ಸ್ವಂತ ಸಬ್ಜೆಕ್ಟ್‌ದು ಒಂದೇ, ಅದೂ ಸರಿಯಾಗಿ 9 ಸೈಟೇಶನ್ ತಗೊಂಡು ಹೊಸ್ತಿಲ ಮೇಲೆ ನಿಂತಿದೆ, ಆ ಒಂಬತ್ತರಲ್ಲಿ ಎರಡು ನಾನೇ ಕೊಟ್ಟಿದ್ದು. ಎರಡೂವರೆ ವರ್ಷ ಒದ್ದಾಡಿ ಬರೆದಿದ್ದದು. 18 ಲೇಖಕರಿರೋ ಡಯಾಬಿಟಿಸ್ ಪೇಪರಲ್ಲಿ ನಾನು ಮಾಡಿದ್ದು ಸ್ಯಾಂಪಲ್ ಸೈಜು ಮತ್ತೆ ಒಂದು ಟೇಬಲ್ಲು, ಅದಕ್ಕೆ 212!

ಇದ್ರಲ್ಲಿ ಮೋಸ ಏನಿಲ್ಲ. ಮೆಡಿಕಲ್‌ನಲ್ಲಿ ಬರೆಯೋರೇ ಜಾಸ್ತಿ, ಪೇಪರ್‌ಗಳೂ ಬೇಗ ಬೇಗ ಬರ್ತವೆ, ಥಿಯರಿ ಕಡೆ ಒಂದು ಪೇಪರ್ ಅಚ್ಚಾಗೋಕೇ ಎಷ್ಟೋ ಸಲ ವರ್ಷಗಟ್ಟಲೆ ಹಿಡಿಯತ್ತೆ. 2005ರಲ್ಲಿ ಎಚ್-ಇಂಡೆಕ್ಸ್ ಕೊಟ್ಟ ಫಿಸಿಕ್ಸ್‌ನ ಹಿರ್ಷ್ ಆ ಪೇಪರಲ್ಲೇ ಬಯಾಲಜಿಯೋರ ಎಚ್ ಫಿಸಿಕ್ಸ್‌ನೋರದ್ದಕ್ಕಿಂತ ದೊಡ್ಡದಿರತ್ತೆ ಅಂದಿದಾರೆ. ಯಾರು ಓದ್ತಾರೆ ಅದನ್ನ.

ಫೀಲ್ಡು, ವರ್ಷ ಎರಡನ್ನೂ ಸರಿದೂಗಿಸಿ ಕೊಡೋ ಅಳತೆ ಇದೆ, ಫೀಲ್ಡ್-ವೆಯ್ಟೆಡ್ ಸೈಟೇಶನ್ ಇಂಪ್ಯಾಕ್ಟ್ ಅಂತ, 1 ಬಂದ್ರೆ ಪ್ರಪಂಚದ ಸರಾಸರಿ. ಅದನ್ನ ಕೊಡೋ ದುಬಾರಿ ಟೂಲು ನಮ್ ಕಾಲೇಜಲ್ಲಿಲ್ಲ, ಸರಿ, ಕೈಲೇ ಮಾಡ್ದೆ. ಒಂದೊಂದು ಪೇಪರ್‌ಗೂ ಅದೇ ಜರ್ನಲ್, ಅದೇ ವರ್ಷದ ಎಲ್ಲಾ ಪೇಪರ್‌ಗಳ ಸೈಟೇಶನ್ ಇಳಿಸ್ಕೊಂಡು ನಂದು ಎಷ್ಟನೇ ಜಾಗದಲ್ಲಿದೆ ಅಂತ ನೋಡ್ದೆ. ಸರಾಸರಿ ತಗೋಬೇಡಿ, ಒಂದೇ ಒಂದು ದೈತ್ಯ ಪೇಪರ್ ಅದನ್ನ ಎತ್ಕೊಂಡು ಹೋಗ್ಬಿಡತ್ತೆ, ರ‍್ಯಾಂಕ್ ನೋಡಿ. ರಿವ್ಯೂ ಪೇಪರ್‌ಗಳನ್ನ, ಅಂದ್ರೆ ಬೇರೆಯೋರ ಕೆಲಸಾನೆಲ್ಲ ಒಟ್ಟು ಮಾಡಿ ಬರೆದವನ್ನ, ಹೊರಗಿಡಿ, ಅವಕ್ಕೆ ಸಾಮಾನ್ಯವಾಗಿ ಸೈಟೇಶನ್ ಜಾಸ್ತಿ. ಲೆಕ್ಕ ಎಲ್ಲಾ ಒಂದೇ ಕಡೆಯಿಂದ ತಗೊಳ್ಳಿ, ಗೂಗಲ್ ಸ್ಕಾಲರ್ ಥೀಸಿಸ್ಸು, ಪ್ರಿಪ್ರಿಂಟು (ಜರ್ನಲಲ್ಲಿ ಅಚ್ಚಾಗೋ ಮುಂಚೆ ಹಾಕೋ ಪ್ರತಿ) ಎಲ್ಲಾ ಎಣಿಸತ್ತೆ, ಸ್ಕೋಪಸ್ ಅನ್ನೋ ಡೇಟಾಬೇಸ್ ಆರಿಸಿದ ಜರ್ನಲ್‌ಗಳದ್ದೇ ಹೆಚ್ಚಾಗಿ ಎಣಿಸೋದು, ಎರಡನ್ನೂ ಕಲಸಿದ್ರೆ ಕೆಟ್ಟಿತು. ಎರಡು ಭಾನುವಾರ ಹೋಯ್ತು. ಕೊನೇಗೆ 212ರ ಪೇಪರ್ ಅದರ ಜರ್ನಲಲ್ಲಿ ನಡುಮಧ್ಯ, ನನ್ನ 9ರದ್ದು ಮೇಲಿನ ಕಾಲು ಭಾಗದಲ್ಲಿ. ಇನ್ನೊಂದ್ಸಲ ಎಣಿಸ್ದೆ, ನಿಜ ಹೇಳ್ಬೇಕಂದ್ರೆ.

ಕಾಲಂನಲ್ಲಿ 9 ಅಂತಲೇ ಬರೆದು, ಜೊತೆಗೆ ಈ ಒಂದು ಪುಟದ ಶೀಟ್ ಲಗತ್ತಿಸಿದೆ. ಇಂಟರ್‌ವ್ಯೂನಲ್ಲಿ ಒಬ್ರು ಅದನ್ನ ತಿರುಗಿಸಿ ನೋಡಿ, ಇದೆಲ್ಲ ಇರ್ಲಿ ಮೇಷ್ಟ್ರೇ, ಟೋಟಲ್ ಎಷ್ಟು ಹೇಳಿ ಅಂದ್ರು. ಹೇಳ್ದೆ. ಪಕ್ಕದಲ್ಲಿದ್ದವರು ಮಾತ್ರ ಶೀಟ್ ತಮ್ ಕಡೆ ಎಳ್ಕೊಂಡು, ರಿವ್ಯೂ ಪೇಪರ್ ಯಾಕೆ ಬಿಟ್ರಿ ಅಂತ ಕೇಳಿದ್ರು, ಹತ್ತು ನಿಮಿಷ ಅದೇ ಮಾತಾಯ್ತು.

ಹೋದ ವಾರ ಪ್ರೊಫೈಲ್ ನೋಡಿದ್ರೆ ಆ ಕೆಮಿಸ್ಟ್ರಿ ಸಾಹೇಬ್ರ ಹೊಸ ಪೇಪರ್ ಮತ್ತೆ ಬಂದು ಕೂತಿದೆ. ಅದನ್ನ ತೆಗೆದು ಆಟೋ ಅಪ್‌ಡೇಟ್ ಆಫ್ ಮಾಡ್ದೆ.