ಬಣ್ಣದಾಟಕ್ಕೆ ಹಿತ್ತಲ ಹೂವು

ದೀಪಾವಳಿ ಪಾಡ್ಯ ಮುಗಿದ ಮರುದಿನವೇ ನಮ್ಮ ಮನೆಯಲ್ಲಿ ಹೋಳಿ ಹುಣ್ಣಿವಿಗೆ ಹೂವಿನ ಬಣ್ಣ ಮಾಡುವ ಕೆಲಸ ಶುರು. ಬಾಗಿಲಿಗೆ, ಗಾಡಿಗೆ, ಅಂಗಡಿಯ ತಕ್ಕಡಿಗೆ ಕಟ್ಟಿದ ಚೆಂಡು ಹೂವಿನ ಮಾಲೆಗಳನ್ನು ತಿಪ್ಪೆಗೆ ಹೋಗಲು ನಾನು ಬಿಡುವುದಿಲ್ಲ. ದಾರ ಬಿಚ್ಚಿ, ಬುಡದ ಹಸಿರು ತೊಟ್ಟು ಚಿವುಟಿ, ಎಸಳನ್ನಷ್ಟೇ ಹಳೆ ಧೋತರದ ಮೇಲೆ ನೆರಳಲ್ಲಿ ಹರವಿ. ತೊಟ್ಟು ಉಳಿದರೆ ಬಣ್ಣ ಮಬ್ಬಾಗುತ್ತದೆ, ಬಿಸಿಲು ತಾಗಿದರೆ ಕಳೆಗುಂದುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಚರಚರ ಎನ್ನಬೇಕು, ಅಲ್ಲಿಯವರೆಗೆ ಒಣಗಿಸಿ ಕಾಗದದ ಚೀಲದಲ್ಲಿ ಕಟ್ಟಿಡಿ. ಪ್ಲಾಸ್ಟಿಕ್ ಡಬ್ಬಿ ಬೇಡ. ಚೂರು ಹಸಿ ಇದ್ದರೂ ಬೂಸ್ಟು ಹಿಡಿಯುತ್ತದೆ.

ಬಾಗಲಕೋಟೆಯ ಹೋಳಿ ಬಣ್ಣ ಕಂಡವರು ನಗಬಹುದು. ಕಿಲ್ಲಾ, ಹೊಸಪೇಟೆ, ಜೈನಪೇಟೆ ಓಣಿಯವರು ಹಲಗಿ ಬಡಿಯುತ್ತ ಬ್ಯಾರಲ್‌ಗಟ್ಟಲೆ ಬಣ್ಣ ಹೇರಿಕೊಂಡು ಬರುವಾಗ ನಿನ್ನ ಒಂದು ಗಡಿಗಿ ಹೂಬಣ್ಣ ಯಾವ ಲೆಕ್ಕ ಅಂತ. ಖರೆ. ಇದು ಟ್ರ್ಯಾಕ್ಟರ್ ಮೇಲಿನ ಬಣ್ಣವಲ್ಲ. ಮನೆ ಮುಂದೆ ಪಿಚಕಾರಿ ಹಿಡಿದ ಸಣ್ಣ ಹುಡುಗರದು, ಅಂಗಡಿ ಬಣ್ಣವೆಂದರೆ ಮುಖ ತಿರುವುವ ಹೆಣ್ಣುಮಕ್ಕಳದು.

ಬಣ್ಣ ಕೊಡುವ ಹೂವುಗಳಲ್ಲೆಲ್ಲ ದೊಡ್ಡದು ಮುತ್ತಲ. ಹಿತ್ತಲದ್ದಲ್ಲ, ಹೊಲದ ಬದುವಿನದು. ಆದರೆ ಇದನ್ನು ಬಿಟ್ಟು ಓಕುಳಿ ಮಾತಾಡಲು ಬರುವುದಿಲ್ಲ. ಎಲೆ ಉದುರಿಸಿ ನಿಂತ ಗಿಡ ಹೋಳಿ ಹೊತ್ತಿಗೆ ಸರಿಯಾಗಿ ಹೂ ಬಿಡುತ್ತದೆ. ಟೊಂಗಿ ಮುರಿಯಬೇಡಿ, ಬೆಳಿಗ್ಗೆ ಬುಡದಲ್ಲಿ ಉದುರಿದ್ದೇ ಬುಟ್ಟಿ ತುಂಬುತ್ತದೆ. ಮಖಮಲಿನಂಥ ಕಪ್ಪು ತೊಟ್ಟು ಕಿತ್ತು, ಎರಡು ಬೊಗಸೆ ಎಸಳಿಗೆ ಎರಡು ಲೀಟರ್ ನೀರು ಹಾಕಿ ರಾತ್ರಿ ನೆನೆಯಿಡಿ. ಅವಸರವಿದ್ದರೆ ಸಣ್ಣ ಉರಿಯಲ್ಲಿ ಅರ್ಧ ತಾಸು ಕುದಿಸಿ. ಮೊದಲು ಬರುವುದು ಹಳದಿ. ಇಷ್ಟೇನಾ ಎಂದು ಇಲ್ಲಿಯೇ ಬಹಳ ಜನ ಅಂಗಡಿಯ ಪುಡಿ ಬೆರೆಸಿಬಿಡುತ್ತಾರೆ. ತಡೀರಿ. ಒಂದು ಚಿಟಿಕೆ ಅಡುಗೆ ಸೋಡಾ ಉದುರಿಸಿ ಸೌಟು ತಿರುವಿ. ಸೌಟು ಹೋದಲ್ಲೆಲ್ಲ ಹಳದಿಯೊಳಗೆ ಕಿತ್ತಳೆಯ ಎಳೆ ಏಳುತ್ತದೆ, ನೋಡನೋಡುತ್ತ ಗಡಿಗಿಯೆಲ್ಲ ಕೇಸರಿ. ನಮ್ಮತ್ತಿ ಎಲೆಗೆ ಹಚ್ಚುವ ಸುಣ್ಣ ಕದಡುತ್ತಿದ್ದರು, ಆಗುವುದು ಅದೇ. ಆದರೆ ಕಣ್ಣಿಗೆ ಸಿಡಿಯುವ ನೀರಿಗೆ ಸುಣ್ಣ ನನಗೆ ಒಪ್ಪಿಗೆಯಿಲ್ಲ. ಸೋಡಾ ಕೂಡ ಚಿಟಿಕೆಗಿಂತ ಹೆಚ್ಚು ಬೇಡ.

ಕಟ್ಟಿಟ್ಟ ಚೆಂಡು ಹೂವನ್ನು ಮುಳುಗುವಷ್ಟು ನೀರಲ್ಲಿ ಕುದಿಸಿದರೆ ಗಟ್ಟಿ ಹಳದಿ. ಅದನ್ನು ಇನ್ನೂ ಬತ್ತಿಸಿ, ಆರಾರೂಟ್ ಪುಡಿಗೆ ಚಿಮುಕಿಸಿ ತಿಕ್ಕಿ, ನೆರಳಲ್ಲಿ ಒಣಗಿಸಿ ಸಾಣಿಗೆಯಲ್ಲಿ ಜರಡಿ ಹಿಡಿದರೆ ಮುಖಕ್ಕೆ ಹಚ್ಚುವ ಗುಲಾಲು ಆಯಿತು. ಉಳಿದ ನೀರಿಗೆ ಚೂರು ಪಟಕ (ಆಲಂ) ಹಾಕಿ ಬಿಳಿ ಹತ್ತಿ ಅರಿವಿ ಅದ್ದಿಟ್ಟರೆ ಬಣ್ಣ ಸುಲಭಕ್ಕೆ ಬಿಡದು. ಪಟಕ ಹಾಕಿದ್ದನ್ನು ಮಾತ್ರ ಆಟಕ್ಕೆ ಒಯ್ಯಬೇಡಿ.

ಗುಲಾಬಿ ಬಣ್ಣ ಬೇಕಾದರೆ ನಮ್ಮೂರ ನವನಗರದ ಯಾವ ಕಂಪೌಂಡ್ ನೋಡಿದರೂ ಕಾಗದದ ಹೂವು ಇದೆ. ಇದನ್ನು ಒಲೆಯ ಹತ್ತಿರವೇ ಒಯ್ಯಬಾರದು, ಕಾದರೆ ಬಣ್ಣ ಸತ್ತುಹೋಗುತ್ತದೆ. ತಣ್ಣೀರಲ್ಲಿ ಮಿಕ್ಸಿಗೆ ಹಾಕಿ ಹಿಂಡಿ. ಶಂಖಪುಷ್ಪದ ಬಳ್ಳಿಯಿದ್ದರೆ ಹುಡುಗರ ಕೈಗೇ ಕೊಡಿ: ನೀಲಿ ನೀರಿಗೆ ಲಿಂಬಿ ಹಿಂಡಿದರೆ ನೇರಳೆ, ಮತ್ತೆ ಮತ್ತೆ ಮಾಡಿಸುತ್ತಾರೆ. ಕೆಂಪು ದಾಸಾಳ ನಮ್ಮ ಬೋರ್ ನೀರಿನ ಗಡಸಿಗೆ ಮಂಕಾಗುತ್ತದೆ, ಲಿಂಬಿ ಹಾಕದೆ ಕೆಂಪು ಬರುವುದಿಲ್ಲ, ದೇವರಿಗೇ ಇರಲಿ. ಬೀಟ್‌ರೂಟ್ ಅಂಟು, ನೊಣ ಬೇರೆ.

ಕಣಗಿಲ, ಮದ್ದುಗುಣಕಿ ಇವೆರಡನ್ನು ಬುಟ್ಟಿಗೇ ಸೇರಿಸಬೇಡಿ, ವಿಷ. ಔಷಧ ಹೊಡೆದ ತೋಟದ ಹೂವೂ ಬೇಡ.

ಯಾವ ಬಣ್ಣವಾದರೂ ಎರಡು ಮಡಿಕೆಯ ಅರಿವಿಯಲ್ಲಿ ಸೋಸಿ, ಇಲ್ಲದಿದ್ದರೆ ಪಿಚಕಾರಿಯ ತೂತು ಕಟ್ಟುತ್ತದೆ. ಮೊದಲು ಮುಂಗೈ ಒಳಮಗ್ಗುಲಿಗೆ ಒಂದು ಹನಿ ಹಚ್ಚಿ, ಉರಿ-ತುರಿಕೆ ಇಲ್ಲವೆಂದು ನೋಡಿಕೊಳ್ಳಿ. ನಮ್ಮ ಬಿಸಿಲಿಗೆ ಈ ನೀರು ಸಂಜೆಗೇ ಹುಳಿ ವಾಸನೆ ಹೊಡೆಯುತ್ತದೆ, ಊರಲ್ಲಿ ಬಣ್ಣ ದಿನಗಟ್ಟಲೆ ನಡೆಯುತ್ತದೆ. ಹಾಗಾಗಿ ಹೂವನ್ನೆಲ್ಲ ಒಮ್ಮೆಲೇ ಕುದಿಸದೆ ಪಾಲು ಮಾಡಿಟ್ಟುಕೊಂಡು, ಪ್ರತಿ ರಾತ್ರಿ ಮರುದಿನಕ್ಕೆ ಬೇಕಾದಷ್ಟೇ ಹೊಸದು ಮಾಡಿ.