ಬೈಕೋ ಹೈಬ್ರಿಡ್ ಕಾರೋ: ಮೂರು ವರ್ಷ ಲೆಕ್ಕ ಬರೆದ ಮೇಲೆ

650 ಸಿಸಿ ಬೈಕ್ ತೆಗೆದುಕೊಂಡಾಗ ಮನೆಯಲ್ಲಿ ನಾನು ಹೇಳಿದ ಕಾರಣ ಒಂದೇ: ಕಾರಿಗಿಂತ ಖರ್ಚು ಕಮ್ಮಿ. ಆಸೆಗೆ ತೆಗೆದುಕೊಂಡೆ ಅಂತ ಹೇಳಲು ಧೈರ್ಯ ಇರಲಿಲ್ಲ, ಅಷ್ಟೇ. ಸ್ವಲ್ಪ ದಿನಕ್ಕೆ ಹಳೇ ಕಾರು ಹೋಗಿ ಪೆಟ್ರೋಲ್ ಹೈಬ್ರಿಡ್ ಬಂತು, ಅಂದರೆ ಪೆಟ್ರೋಲ್ ಇಂಜಿನ್ ಜೊತೆ ವಿದ್ಯುತ್ ಮೋಟರೂ ಬ್ಯಾಟರಿಯೂ ಇರುವ ಕಾರು. ನನ್ನ ಮಾತು ನಿಜ ಅಂತ ತೋರಿಸೋಣ ಎಂದು ಒಂದು ನೋಟ್‌ಬುಕ್ ಇಟ್ಟೆ. ಎಡಗಡೆ ಪುಟ ಬೈಕಿಗೆ, ಬಲಗಡೆ ಪುಟ ಕಾರಿಗೆ.

ಮೈಲೇಜ್ ಅಳೆದದ್ದು ಹಳೇ ಪದ್ಧತಿಯಲ್ಲೇ. ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತಂದು, ಮುಂದಿನ ಸಲ ಫುಲ್ ಮಾಡಿಸಿದಾಗ ಎಷ್ಟು ಲೀಟರ್ ಹಿಡಿಯಿತು ಅಂತ ನೋಡುವುದು. ಬೈಕನ್ನು ಸೈಡ್ ಸ್ಟ್ಯಾಂಡ್ ಮೇಲೆ ವಾಲಿಸಿಕೊಂಡು ಹಾಕಿಸಿದರೆ ಲೆಕ್ಕ ಕೆಡುತ್ತದೆ, ಪ್ರತಿ ಸಲವೂ ನೆಟ್ಟಗೆ ನಿಲ್ಲಿಸಬೇಕು. ಒಂದು ಟ್ಯಾಂಕಿನ ಅಂಕಿ ನಂಬಬೇಡಿ. ಐದಾರು ಟ್ಯಾಂಕಿನ ಸರಾಸರಿ ತೆಗೆಯಿರಿ. ಕಾರಿನ ಪರದೆಯಲ್ಲಿ ಬರುವ ಮೈಲೇಜ್ ನನ್ನ ಲೆಕ್ಕಕ್ಕಿಂತ ಸದಾ ಸ್ವಲ್ಪ ಜಾಸ್ತಿಯೇ ಇರುತ್ತಿತ್ತು.

ಬೈಕ್ ಲೀಟರಿಗೆ 23ರಿಂದ 25 ಕಿಲೋಮೀಟರ್ ಕೊಟ್ಟಿತು. ಕಾರು ಟ್ರಾಫಿಕ್‌ನಲ್ಲಿ 22, ಹೈವೇಯಲ್ಲಿ 19. ಐದು ಜನ ಕೂರುವ ಕಾರು ನನ್ನ ಬೈಕಿನ ಬೆನ್ನಿಗೇ ಬಂದು ನಿಂತಿತ್ತು.

ಕಾರಣ ಹುಡುಕಿದಾಗ ಗೊತ್ತಾಯಿತು, ಇದರಲ್ಲಿ ಮಾಯ ಏನೂ ಇಲ್ಲ. ಹೈಬ್ರಿಡ್‌ನಲ್ಲಿ ಬ್ರೇಕ್ ಒತ್ತಿದಾಗ ಮೋಟರೇ ಜನರೇಟರ್ ಆಗಿ ಬ್ಯಾಟರಿ ತುಂಬುತ್ತದೆ. ಬೇರೆ ಕಾರಿನಲ್ಲಿ ಬ್ರೇಕ್ ಪ್ಯಾಡ್ ಬಿಸಿಯಾಗಿ ಸುಮ್ನೆ ಹೋಗುವ ಶಕ್ತಿ ಇಲ್ಲಿ ಮತ್ತೆ ಕೈಗೆ ಸಿಗುತ್ತದೆ. ನಿಂತು ನಿಂತು ಹೋಗುವ ಕಡೆ ಇಂಜಿನ್ ಎಷ್ಟೋ ಹೊತ್ತು ಆಫ್ ಆಗಿಯೇ ಇರುತ್ತದೆ. ಹೈವೇಯಲ್ಲಿ ಬ್ರೇಕೇ ಒತ್ತದಿದ್ದರೆ ಹಿಡಿದುಕೊಳ್ಳಲು ಏನಿದೆ? ಅದಕ್ಕೇ, ಜೊತೆಗೆ ವೇಗದೊಂದಿಗೆ ಏರುವ ಗಾಳಿಯ ತಡೆಗೂ, ಅಲ್ಲಿ ಮೈಲೇಜ್ ಇಳಿಯುವುದು. ಬೈಕ್ ಹಗುರ ನಿಜ, ಆದರೆ ಗಾಳಿ ಸೀಳುವುದರಲ್ಲಿ ದಡ್ಡ. ಮೇಲೆ ಎದೆ ಸೆಟೆಸಿ ಕೂತ ನಾನೊಬ್ಬ ಬೇರೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ.

ಆದರೂ ಗೆದ್ದದ್ದು ಬೈಕೇ ಅಂತ ಪುಟ ತೋರಿಸಿದೆ. ಹೆಂಡತಿ ಓದಿ, "ರೀ, ಬರೀ ಪೆಟ್ರೋಲ್ ಬರೆದಿದ್ದೀರಲ್ಲ, ಹಿಂದಿನ ಟೈರ್ ಪುಕ್ಕಟೆ ಬಂತಾ?" ಅಂದಳು.

ಪುಕ್ಕಟೆ ಬಂದಿರಲಿಲ್ಲ. ಹಿಂದಿನ ಟೈರ್ 11,000 ಕಿಲೋಮೀಟರಿಗೆ ನಡುವೆ ಚಪ್ಪಟೆಯಾಗಿತ್ತು. ಎರಡನೆಯದೂ ಹೆಚ್ಚುಕಮ್ಮಿ ಅಷ್ಟೇ ಬಾಳಿತು. 22,000ಕ್ಕೆ ಚೈನ್ ಮತ್ತು ಸ್ಪ್ರಾಕೆಟ್ (ಚೈನ್ ಸುತ್ತುವ ಹಲ್ಲಿನ ಚಕ್ರ) ಸೆಟ್ ಹೋಯಿತು. ಅದೂ ಐನೂರು ಕಿಲೋಮೀಟರಿಗೊಮ್ಮೆ ಒರೆಸಿ ಲೂಬ್ ಹಾಕಿದ್ದಕ್ಕೆ ಅಷ್ಟು ದಿನ ಬಂತು. ಬೈಕಿನ ಇಂಜಿನ್ ಆಯಿಲ್ಲೇ ಗೇರಿಗೂ ಕ್ಲಚ್ಚಿಗೂ ಬೇಕು, ಹಾಗಾಗಿ ಕಾರಿನದು ಉಳಿದಿದೆ ಅಂತ ಅದನ್ನು ಸುರಿಯುವಂತಿಲ್ಲ. ಸುರಿದರೆ ಕ್ಲಚ್ ಜಾರಬಹುದು. ಇನ್ನು ಹೆಲ್ಮೆಟ್, ಜಾಕೆಟ್, ಗ್ಲೌಸ್. ಇವನ್ನು ಎಲ್ಲಿ ಬರೆಯಬೇಕು ಅಂತ ಗೊತ್ತಾಗದೆ ಕೊನೇ ಪುಟದಲ್ಲಿ ಮುಚ್ಚಿಟ್ಟಿದ್ದೆ.

ಕಾರು 45,000 ದಾಟಿದರೂ ಮೊದಲನೇ ಟೈರುಗಳಲ್ಲೇ ಓಡುತ್ತಿದೆ. ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಎಲ್ಲ ಕೂಡಿಸಿ ನೋಡಿದೆ: ಪೆಟ್ರೋಲಿಗೆ ಹತ್ತು ಪಾಲು ಹೋದರೆ ಬೈಕಿನ ಟೈರ್, ಚೈನ್, ಸರ್ವಿಸಿಗೆ ಇನ್ನಾರು ಪಾಲು. ಕಾರಿಗೆ ಮೂರೇ. ಕಿಲೋಮೀಟರ್ ಲೆಕ್ಕದಲ್ಲಿ ನಾನು ಸೋತಿದ್ದೆ. ಕೊಂಡ ಬೆಲೆ, ಇನ್ಶೂರೆನ್ಸ್ ಸೇರಿಸಿದರೆ ಬೈಕ್ ಮತ್ತೆ ಮುಂದೆ ಬರುತ್ತದೆ ಎನ್ನುವುದೂ ನಿಜ. ಮತ್ತೆ, ನೀವು ಓಡಿಸುವುದು 100 ಅಥವಾ 125 ಸಿಸಿ ಬೈಕ್ ಆದರೆ ಈ ಚರ್ಚೆಯೇ ಬೇಡ. ಅದರ ಹತ್ತಿರಕ್ಕೆ ಯಾವ ಹೈಬ್ರಿಡ್ಡೂ ಬರುವುದಿಲ್ಲ.

ಖುಷಿಯ ವಿಷಯದಲ್ಲಿ ಕಾರು ನನಗೆ ಬೋರ್ ಹೊಡೆಸುತ್ತದೆ ಅಂದುಕೊಂಡಿದ್ದೆ. ಅಷ್ಟೇನೂ ಅಲ್ಲ. ದೂರದ ಸಿಗ್ನಲ್ ಕೆಂಪಾದದ್ದು ಕಂಡ ಕೂಡಲೇ ಕಾಲು ತೆಗೆದು, ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟು, ಬ್ಯಾಟರಿಯ ಗೆರೆ ಒಂದೊಂದೇ ಏರುವುದನ್ನು ನೋಡುವುದು ಒಂದು ಆಟವೇ. ಜೋರಾಗಿ ಒತ್ತಿದರೆ ಮಾಮೂಲಿ ಬ್ರೇಕ್ ಹಿಡಿದುಬಿಡುತ್ತದೆ, ಆಟ ಕೆಡುತ್ತದೆ. ಒಮ್ಮೆ ಉದ್ದದ ಘಾಟಿ ಇಳಿಯುವಾಗ ಬ್ಯಾಟರಿ ತುಂಬಿತು. ನಾನು ಆಕ್ಸಿಲರೇಟರ್ ಮುಟ್ಟಿಯೇ ಇಲ್ಲ, ಇಂಜಿನ್ ಗೊರ್ರೆಂದು ಕೂಗಲು ಶುರುಮಾಡಿತು. ಕೆಟ್ಟೇಹೋಯಿತು ಅಂತ ಪಕ್ಕಕ್ಕೆ ನಿಲ್ಲಿಸಿದೆ. ಏನೂ ಆಗಿರಲಿಲ್ಲ. ಬ್ಯಾಟರಿಯಲ್ಲಿ ಜಾಗ ಇಲ್ಲದ ಕಾರಣ ಮೋಟರ್ ಇಂಜಿನ್ನನ್ನು ಸುಮ್ನೆ ತಿರುಗಿಸಿ ಆ ಶಕ್ತಿಯನ್ನು ಕರಗಿಸುತ್ತಿತ್ತು ಅಷ್ಟೇ.

ಇನ್ನೊಂದು ಸಲ ನಿಜವಾಗಿಯೂ ಕೈಕೊಟ್ಟಿತು. ಮೂರು ವಾರ ಬೈಕಿನಲ್ಲೇ ತಿರುಗಾಡಿ ಬಂದು ನೋಡಿದರೆ ಕಾರಿನ ಬಾಗಿಲೇ ತೆರೆಯಲಿಲ್ಲ. ಒಳಗೆ ದೊಡ್ಡ ಬ್ಯಾಟರಿ ಇದೆ, ಆದರೆ ಕಂಪ್ಯೂಟರ್ ಎಚ್ಚರವಾಗಿ ಆ ಬ್ಯಾಟರಿಯನ್ನು ಜೋಡಿಸಲು ಬೇಕಾದದ್ದು ಪುಟ್ಟ 12 ವೋಲ್ಟ್ ಬ್ಯಾಟರಿ. ಅದು ಇಳಿದುಹೋಗಿತ್ತು. ಕೀಯೊಳಗೆ ಅಡಗಿರುವ ಲೋಹದ ಕೀ ತೆಗೆದು ಬಾಗಿಲು ತೆರೆದು, ಜಂಪ್ ಕೇಬಲ್ ಹಾಕಿದ ಮೇಲೆ ಎದ್ದಿತು. ಈಗ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಆನ್ ಮಾಡಿ ಇಡುತ್ತೇನೆ.

ಬೈಕಿನ ಖುಷಿ ಬರೆಯಲು ಹೊರಟರೆ ನಾಚಿಕೆಯಾಗುತ್ತದೆ. ತಿರುವಿಗೆ ಮುಂಚೆ ಒಂದು ಗೇರ್ ಇಳಿಸಿ, ತಿರುವು ಮುಗಿಯುವ ಕಡೆಗೆ ಕಣ್ಣು ನೆಟ್ಟು, ಬೈಕ್ ತಾನಾಗಿ ವಾಲುವ ಆ ಎರಡು ಸೆಕೆಂಡ್ ಇದೆಯಲ್ಲ, ಅದಕ್ಕೆ ನೋಟ್‌ಬುಕ್‌ನಲ್ಲಿ ಕಾಲಮ್ ಇಲ್ಲ. ಈಗ ಮಳೆ, ಲಗೇಜು, ಮನೆಯವರು ಅಂದರೆ ಕಾರು. ಒಬ್ಬನೇ ಹೋಗುವುದಾದರೆ, ಸಮಯ ಇದ್ದರೆ, ಬೈಕು. ಎಡಗಡೆ ಪುಟ ಬರೆಯುವುದನ್ನು ನಿಲ್ಲಿಸಿ ಐದು ತಿಂಗಳಾಯಿತು. ಹಿಂದಿನ ಟೈರ್ ಮತ್ತೆ ಸವೆದಿದೆ. ಈ ಸಲ ಹೆಂಡತಿಗೆ ಮೊದಲೇ ಹೇಳಿದ್ದೇನೆ.